ನೀರಿಗೆ ಹೇಳಿದ ಹೆಸರು

"ಆ ಮನೇಲಿ ಯಾರು ಕೊಟ್ರೂ ನೀರು ಮುಟ್ಟಬೇಡ ಮಗಳೇ. ಮಾತು ಹಾಕಿದ ನೀರು ಅದು. ನಂಬಿ ಕುಡಿದೋರಿಗೆ ದಾಹ ಅಂಟತ್ತೆ," ಎಂದಳು ಪಕ್ಕದ ಮನೆಯ ಅಜ್ಜಿ, ಗೇಟಿನ ಬಳಿಯೇ ತೋಳು ಹಿಡಿದು.

ಅಕ್ಕನನ್ನು ನೋಡಲು ಬಂದಿದ್ದ ತಂಗಿ ನಕ್ಕುಬಿಟ್ಟಳು. "ನೀರಿಗೆ ಕಿವಿ ಎಲ್ಲಿರತ್ತೆ ಅಜ್ಜಿ?"

ನೀರಿನ ಬಗ್ಗೆ ಜನ ಏನೇನು ನಂಬಿದ್ದರು ಎಂದು ಪಾಠ ಹೇಳುವುದೇ ಅವಳ ಕೆಲಸ. ಅನುಮಾನ ಬಂದವನನ್ನು ಹೊಳೆಗೆ ನೂಕಿ, ಮುಳುಗಿದರೆ ನಿರಪರಾಧಿ ಎಂದವರು. ಕೆಟ್ಟ ಕನಸನ್ನು ಹರಿಯುವ ನೀರಿಗೆ ಉಸುರಿ ಹಗುರಾದವರು. ಬಾವಿಯ ತಳದಲ್ಲಿ ಸತ್ತವರ ಬಾಯಿದೆಯೆಂದು ಇಣುಕಲು ಹೆದರಿದವರು. ಇಂಥ ಕತೆ ಹೇಳಿ ತರಗತಿಯನ್ನೇ ನಗಿಸುತ್ತಿದ್ದಳು. "ಮೈ ಸರಿಯಿಲ್ಲ, ಬಾರೇ," ಎಂದು ಅಕ್ಕ ಫೋನು ಮಾಡಿದ್ದಕ್ಕೆ ರಜೆ ಹಾಕಿ ಓಡಿಬಂದಿದ್ದಳು.

ಒಳಗೆ ಹಸಿಮಣ್ಣು, ಸುಟ್ಟ ಕೂದಲಿನ ವಾಸನೆ. ಕಿಟಕಿಗಳಿಗೆಲ್ಲ ಪರದೆ. ಹಗಲಲ್ಲೂ ಕತ್ತಲೆ ಗೋಡೆಗೆ ಅಂಟಿಕೊಂಡಿತ್ತು. ಕೊಡ, ಬಕೆಟ್ಟು, ಪಾತ್ರೆ ಎಲ್ಲ ಬರಿದು. ಅಕ್ಕನ ತುಟಿ ಒಡೆದಿತ್ತು. ಮಾತಾಡಿದರೆ ತರಗೆಲೆ ತುಳಿದ ಸದ್ದು.

"ಏನಾಗಿದೆಯೇ ನಿಂಗೆ?"

"ಎಷ್ಟು ಕುಡಿದ್ರೂ ಸಾಲಲ್ಲ. ಕೂತ್ಕೋ, ಬಿಸಿಲಲ್ಲಿ ಬಂದಿದ್ದೀಯ."

ಅಡುಗೆಮನೆಯಲ್ಲಿ ಅಕ್ಕ ನೀರಿನ ಲೋಟವನ್ನು ಬಾಯಿಯ ಹತ್ತಿರ ತಂದು ಪಿಸುಗುಟ್ಟುತ್ತಿದ್ದುದು ಬಾಗಿಲ ಸಂದಿಯಲ್ಲಿ ಕಂಡಿತು. ತನ್ನನ್ನು ಮನೆಯವರಷ್ಟೇ ಕರೆಯುವ ಅಡ್ಡಹೆಸರು ಕೇಳಿಸಿತು: ಗುಬ್ಬಿ. ಅಜ್ಜಿಯ ಮಾತು ನೆನಪಾಗಿ ತಂಗಿಗೆ ನಗುವೇ ಬಂತು. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ನೀರು ಕುಡಿಸಿದ ಕೈ ಇದು. ಲೋಟ ತೆಗೆದುಕೊಂಡು ಗಟಗಟ ಕುಡಿದಳು.

ಅಕ್ಕ ಒಮ್ಮೆ ಕೆಮ್ಮಿದಳು. "ಅಬ್ಬಾ," ಎಂದಳು. ದನಿ ಎಣ್ಣೆ ಸವರಿದಷ್ಟು ನಯವಾಗಿತ್ತು.

ತಂಗಿಯ ನಾಲಿಗೆ ಅಂಗುಳಿಗೆ ಅಂಟಿತು. ನಲ್ಲಿಗೆ ಓಡಿದಳು. ಬೊಗಸೆಯೊಡ್ಡಿ ಕುಡಿದಳು. ಮತ್ತೆ ಕುಡಿದಳು. ಹೊಟ್ಟೆ ಉಬ್ಬಿತು. ಗಂಟಲಿಗೆ ಹನಿಯೂ ತಾಗಲಿಲ್ಲ. ಒಳಗಿಂದ ಪಿಸುದನಿ. ಗುಬ್ಬಿ. ತನ್ನದೇ ಹೊಟ್ಟೆಯೊಳಗಿಂದ. ಗುಬ್ಬಿ. ಗುಬ್ಬಿ.

"ಅಕ್ಕಾ... ನಂಗೇನು ಮಾಡ್ದೆ?"

ಅಕ್ಕ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತಿದ್ದಳು. ಈ ಕಡೆ ಮುಖ ತಿರುಗಿಸಲಿಲ್ಲ. "ನಿನ್ನನ್ನ ನಂಬೋರು ಇದ್ರೆ ಕರೆಸ್ಕೋ. ಅವ್ರು ಕುಡಿದ್ರೆ ನಿಂಗೆ ಬಿಡುಗಡೆ."

ಬಾಗಿಲು ಎಳೆದುಕೊಂಡು ಹೋಗಿಬಿಟ್ಟಳು.

ತಂಗಿಯನ್ನು ಅಷ್ಟು ನಂಬುವವರು ಒಬ್ಬರೇ. ಯೋಚಿಸಲು ಗಂಟಲು ಬಿಡಲಿಲ್ಲ. ಫೋನು ಒತ್ತಿದಳು.

"ಅಮ್ಮಾ... ಬಂದ್ಬಿಡಮ್ಮಾ. ಈಗ್ಲೇ ಬಾ."



"ಅಕ್ಕ ಮೊದ್ಲು ಕರೆದಿದ್ದು ನನ್ನನ್ನೇ ಕಣೇ," ಎಂದಳು ಅಮ್ಮ. "ಆ ನೀರಿನ ವಿಷ್ಯ ಗೊತ್ತಿತ್ತು, ನಂಗೆ ಹೆದರಿಕೆ ಆಯ್ತು. ನಾನೇ ನಿನ್ನ ಹೆಸರು ಹೇಳ್ದೆ."

ಫೋನು ಕಟ್ಟಾಯಿತು.