ಸೋಮವಾರದ ಸೀಸೆಯಲ್ಲಿ ನೀಲಿ ನೀರು

ಮಂಗಳವಾರ ಬೆಳಿಗ್ಗೆ 10.20ಕ್ಕೆ ನೀರು ಪರೀಕ್ಷಾಲಯದ ಕೆಮಿಸ್ಟ್ ಮೇಡಂ ಠಾಣೆಗೆ ಬಂದು ದೂರು ಕೊಟ್ಟರು. ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹಿಂದಿನ ದಿನ ಅಧಿಕಾರಿಗಳು ತಂದ ಮಾದರಿ ಸೀಸೆ ಬದಲಾಗಿದೆ; ಮೊಹರಿನ ಚೀಟಿ ಕಿತ್ತು ಮತ್ತೆ ಅಂಟಿಸಿದ ಗುರುತಿದೆ.

"ಕಳ್ಳರು ಕೊಳಚೆಯನ್ನೂ ಬಿಡಲ್ವಲ್ಲ!" ಇನ್ಸ್‌ಪೆಕ್ಟರ್ ನಕ್ಕರು. "ಇದ್ರಿಂದ ಯಾರಿಗೇನು ಲಾಭ ಮೇಡಂ?"

"ಹೊಳೆ ದಂಡೆಯ ಐದೂ ಊರಿಗೆ ಸೇರಿಸಿ ಯೋಜನೆ ಮಾಡ್ತಿದಾರೆ. ಎಲ್ಲಿ ಘಟಕ ಕೆಟ್ಟಿದೆಯೋ ಅಲ್ಲಿಗೆ ಹೊಸದು. ಇದು ಪ್ರತಿ ತಿಂಗಳೂ ಪಾಸು. ಈ ಸಲ ಮಾತ್ರ ಫೇಲು. ನೀರೂ ನೀಲಿ."

ಕೆಟ್ಟದ್ದನ್ನು ಚೊಕ್ಕ ಮಾಡಿ ತೋರಿಸುವವರು ಬೇಕಾದಷ್ಟಿದ್ದಾರೆ. ಚೊಕ್ಕದ್ದನ್ನು ಕೆಡಿಸಿ ತೋರಿಸುವವರು ಯಾರು? ಎಫ್‌ಐಆರ್ ಬರೆಯುತ್ತಿದ್ದ ಮಹಿಳಾ ಪೇದೆಯ ತಲೆಯೊಳಗೆ ಹುಳ ಹೊಕ್ಕಿತು. ಕೇಳದೆ ಬಾಯಿ ಬಿಡದ ಹುಡುಗಿ ಮೆಲ್ಲಗೆ ಹೇಳಿದಳು:

"ಸಾರ್, ಆ ನೀಲಿ ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೇದು, ಅದರ ನೀರು ಈ ಘಟಕಕ್ಕೇ ಬರೋದು. ನಮ್ಮಕ್ಕ ಅಲ್ಲೇ ಕೆಲಸಕ್ಕೆ ಹೋಗೋದು. ಭಾನುವಾರ, ಸೋಮವಾರ ಬೀಗ. ಎರಡು ದಿನಾನೂ ಮನೇಲಿ ಕೂತು ನನ್ನ ತಲೆ ತಿಂತಾಳೆ."

"ಹಾಗಾದ್ರೆ ಸೀಸೇಲಿರೋದು ಸೋಮವಾರದ ನೀರೇ ಅಲ್ಲ. ನಡಿಯಮ್ಮ."

12.10ಕ್ಕೆ ಘಟಕ ತಲುಪಿದರು. ಕೊಳಚೆಗೆ ಗಾಳಿ ಊದುವ ನಾಲ್ಕು ಯಂತ್ರಗಳಲ್ಲಿ ಒಂದೇ ಓಡುತ್ತಿತ್ತು. ಅವುಗಳನ್ನು ನೋಡಿಕೊಳ್ಳುವ ಆಪರೇಟರನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಿದ್ದರು.

"ನಿನ್ನೆ ಸೀಸೆ ಎಲ್ಲಿಟ್ಟಿದ್ರು?"

"ಸಾಹೇಬ್ರು ಟೀ ಕುಡಿಯೋವಾಗ ನನ್ನ ರೂಮಲ್ಲಿ."

"ಎಷ್ಟು ಹೊತ್ತು?"

"ಅರ್ಧ ಗಂಟೆ."

ಉತ್ತರ ಬಾಯಿಂದ ಬಂದರೂ ಅವನ ಕಣ್ಣು ಫ್ರಿಜ್ಜಿನ ಕಡೆ ಓಡುವುದನ್ನು ಪೇದೆ ನೋಡುತ್ತಿದ್ದಳು. ಹೋಗಿ ತೆರೆದಳು. ಊಟದ ಡಬ್ಬಿಯ ಕೆಳಗೆ ಹನ್ನೊಂದು ಸೀಸೆ, ಒಂದೊಂದಕ್ಕೂ ದಿನಾಂಕ, ಗಂಟೆ. ಬುಧವಾರದ್ದಿತ್ತು, ಶುಕ್ರವಾರದ್ದಿತ್ತು. ಗುರುವಾರದ್ದಿರಲಿಲ್ಲ.

"ಗುರುವಾರದ್ದು ಪರೀಕ್ಷಾಲಯದಲ್ಲಿದೆ, ಅಲ್ವಾ ಅಣ್ಣ?" ಎಂದಳು.

ಗಾಳಿಯಣ್ಣ ಊಟದ ಡಬ್ಬಿ ತೆಗೆದು ಪಕ್ಕಕ್ಕಿಟ್ಟ.

"ಹೌದು ತಾಯಿ. ಸಾಹೇಬ್ರು ಬರೋ ಮುಂಚೆ ಫೋನ್ ಬರುತ್ತೆ, ಆಗ ನಾಲ್ಕೂ ಓಡಿಸ್ತೀವಿ. ಉಳಿದ ದಿನ ಕರೆಂಟ್ ಉಳಿಸೋಕೆ ಒಂದೇ. ಏಳು ಸಲ ಅರ್ಜಿ ಬರೆದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಹೊಳೆ ಕೆಳಗೆ ನನ್ನ ಮಗಳ ಮನೆ ಇದೆ. ಮೊಮ್ಮಗಳಿಗೆ ಮೈಯೆಲ್ಲ ಹುಣ್ಣು. ಈ ಸಲಾನೂ ಪಾಸಾದ್ರೆ ಇನ್ನು ಹತ್ತು ವರ್ಷ ಅವರಿಗೆ ಇದೇ ನೀರು."

"ಆದ್ರೂ ಮೊಹರು ಮುರಿದಿದ್ದು ತಪ್ಪು."

"ತಪ್ಪೇ ಸಾರ್."

ಇನ್ಸ್‌ಪೆಕ್ಟರ್ ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಆಮೇಲೆ ಪೇದೆಯ ಕಡೆ ತಿರುಗಿದರು. "ಪಂಚನಾಮೆಗೆ ಹನ್ನೊಂದೂ ಬರ್ಕೋ. ದಿನಾಂಕ, ಗಂಟೆ, ಬಣ್ಣ. ಒಂದೂ ಬಿಡಬೇಡ."

ಅವಳು ಬರೆದು ಮುಗಿಸುವವರೆಗೂ ಗಾಳಿಯಣ್ಣ ಪಕ್ಕದಲ್ಲೇ ನಿಂತು, ಅಳಿಸಿಹೋದ ಅಂಕಿಗಳನ್ನು ಓದಿ ಹೇಳಿದ.

"ಇವೆಲ್ಲ ಕೋರ್ಟಿಗೆ ಹೋಗುತ್ತಾ ಸಾರ್?"

"ಹೋಗಲೇಬೇಕು."

1.40ಕ್ಕೆ ಬಂಧನ. ಗಾಳಿಯಣ್ಣ ತಾನಾಗಿಯೇ ಜೀಪಿನತ್ತ ಹೆಜ್ಜೆ ಹಾಕಿದ. "ಹಾಗಾದ್ರೆ ಬೇಗ ನಡೀರಿ ಸಾರ್."