ಅಲ್ಪವಿರಾಮಕ್ಕೊಂದು ತಟ್ಟು

ಕೊಕ್ಕೆ ಮೇಷ್ಟ್ರು ನೆಲದ ಮೇಲೆ ಬಿದ್ದಿದ್ದರು.

ಬೆಳಿಗ್ಗೆ ಕರಡು ತಿದ್ದುವ ಕೋಣೆಗೆ ಬಂದವಳು ನಾನು. ಬಾಗಿಲು ತೆರೆದೇ ಇತ್ತು. ಕಬ್ಬಿಣದ ಬೀರುವಿನ ಮೂಲೆಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಮೇಷ್ಟ್ರು ಇನ್ನೂ ಉಸಿರಾಡುತ್ತಿದ್ದರು. ಓಡಿಹೋಗಿ ಪಕ್ಕದ ಕೋಣೆಯ ಮ್ಯಾನೇಜರ್ ಬಾಗಿಲು ಬಡಿದೆ.

ನಮ್ಮದು ಶಾಲೆಗಳಿಗೆ ಇಂಗ್ಲಿಷ್ ಪುಸ್ತಕ ಅಚ್ಚುಹಾಕುವ ಪ್ರಕಾಶನ. ಕರಡು ನೋಡುವವರು ಇಬ್ಬರು ಹಿರಿಯರು: ಮೇಷ್ಟ್ರು ಮತ್ತು ನನ್ನ ಚಿಕ್ಕಪ್ಪ. ನಾನು ಕೆಲಸ ಕಲಿಯಲು ಸೇರಿದವಳು. ಇಂಗ್ಲಿಷಿನಲ್ಲಿ ಮೂರು ವಸ್ತುಗಳನ್ನು ಸಾಲಾಗಿ ಹೇಳುವಾಗ ಕೊನೆಯ 'ಅಂಡ್'ಗೆ ಮುಂಚೆ ಅಲ್ಪವಿರಾಮ ಇರಲೇಬೇಕು ಎಂದು ಮೇಷ್ಟ್ರು; ಕೊಕ್ಕೆಯಂಥ ಆ ಗುರುತಿನಿಂದಲೇ ಅವರಿಗೆ ಆ ಅಡ್ಡಹೆಸರು. ಸುತರಾಂ ಬೇಡ ಎಂದು ಚಿಕ್ಕಪ್ಪ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹೊಡೆದುಹಾಕುತ್ತಿದ್ದರು. ಹೊಸ ಪುಸ್ತಕವೊಂದು ಈ ಜಗಳದಲ್ಲೇ ತಿಂಗಳುಗಟ್ಟಲೆ ಕೊಳೆಯುತ್ತಿತ್ತು.

ಮೊನ್ನೆಯಷ್ಟೇ ಚಿಕ್ಕಪ್ಪ ಎಲ್ಲರೆದುರು ಕಿರುಚಿದ್ದರು: "ನಿಮ್ಮ ಕೊಕ್ಕೆಗೇ ನಿಮ್ಮನ್ನ ನೇತುಹಾಕ್ತೀನಿ, ನೋಡ್ತಿರಿ!"

ಮೇಷ್ಟ್ರನ್ನು ಆಸ್ಪತ್ರೆಗೆ ಸೇರಿಸಿ ಮಧ್ಯಾಹ್ನವಾಗುವಷ್ಟರಲ್ಲಿ ಆ ಮಾತು ಪೊಲೀಸ್ ಇನ್‌ಸ್ಪೆಕ್ಟರ್ ಮೇಡಂ ಕಿವಿಗೆ ಬಿದ್ದಿತ್ತು.

* * *

"ನಿನ್ನೆ ಸಂಜೆ ನಾನು ಹೊರಡೋವಾಗ ಮೇಷ್ಟ್ರು ಚೆನ್ನಾಗೇ ಇದ್ರು," ಎಂದರು ಮ್ಯಾನೇಜರ್. "ಬಾಗಿಲು ತೆರೆದಿತ್ತು. ಒಬ್ರೇ ಕೂತು ಓದ್ತಿದ್ರು. ಟಕ್ ಟಕ್ ಅಂತ ಮೇಜು ತಟ್ಕೊಂಡು, ಎಂದಿನ ಹಾಗೆ. ನಾನು ಕೆಳಗಿಳಿದ್ರೆ ಇವರು ಮೆಟ್ಟಿಲು ಹತ್ತಿ ಬರ್ತಿದ್ರು."

'ಇವರು' ಎಂದರೆ ಚಿಕ್ಕಪ್ಪ.

"ಕನ್ನಡಕ ಮರೆತಿದ್ದೆ," ಎಂದರು ಚಿಕ್ಕಪ್ಪ. "ಬಂದು ನೋಡಿದ್ರೆ ಬೀಗ. ವಾಪಸ್ ಹೋದೆ."

"ಒಳಗೆ ಮನುಷ್ಯ ಇರೋವಾಗ ಬೀಗ ಯಾಕ್ರೀ ಹಾಕ್ಲಿ ನಾನು?" ಮ್ಯಾನೇಜರ್ ರೇಗಿದರು.

"ಬೀಗದ ಕೈ ಯಾರ ಹತ್ರ ಇರುತ್ತೆ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಹತ್ರಾನೇ," ಎಂದರು ಮ್ಯಾನೇಜರ್.

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಚಿಕ್ಕಪ್ಪನನ್ನು ಜೀಪಿಗೆ ಹತ್ತಿಸಿದರು.

ಮನೆಯಲ್ಲಿ ಚಿಕ್ಕಮ್ಮ ಒಲೆ ಹಚ್ಚಲಿಲ್ಲ. "ಚುಕ್ಕೆಗೆ ಬಾಲ ಬೇಕೋ ಬೇಡ್ವೋ ಅಂತ ಯಾರಾದ್ರೂ ಜೈಲಿಗೆ ಹೋಗ್ತಾರೇನೇ?" ಎಂದು ನನ್ನನ್ನೇ ಕೇಳಿದರು. ಚಿಕ್ಕಪ್ಪ ಮೇಷ್ಟ್ರ ಮೇಲೆ ಕೈ ಎತ್ತಿದಂತೆ ಒಂದು ಕ್ಷಣ ನನ್ನ ಕಣ್ಣಿಗೂ ಕಟ್ಟಿತ್ತು. ಅದನ್ನು ಯಾರಿಗೆ ಹೇಳಲಿ?

* * *

ಮರುದಿನ ಇನ್‌ಸ್ಪೆಕ್ಟರ್ ಚಿಕ್ಕಪ್ಪನನ್ನು ಕರೆದುಕೊಂಡೇ ಬಂದರು. ಮ್ಯಾನೇಜರನ್ನೂ ಕೋಣೆಗೆ ಕರೆಸಿದರು. ಆಮೇಲೆ ನನ್ನತ್ತ ತಿರುಗಿದರು.

"ಮೇಷ್ಟ್ರು ಕೂತ ಹಾಗೆ ಕೂತ್ಕೊಳಮ್ಮ. ಒಂದು ಪುಟ ನೋಡು."

ನಾನು ಪೆನ್ಸಿಲ್ ಹಿಡಿದು ನೋಡತೊಡಗಿದೆ. ಕೋಣೆಯಲ್ಲಿ ಫ್ಯಾನಿನದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

"ಎಲ್ಲಿ, ತಟ್ಟಲೇ ಇಲ್ವಲ್ಲ?"

"ಒಬ್ಳೇ ಓದ್ತಿದೀನಲ್ಲ ಮೇಡಂ. ಇಬ್ಬರು ಕೂತು ಓದಿದ್ರೆ ಮಾತ್ರ ತಟ್ಟೋದು." ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

"ಗಟ್ಟಿಯಾಗಿ ಹೇಳು."

"ಒಬ್ರು ಮೂಲಪ್ರತಿ ಗಟ್ಟಿಯಾಗಿ ಓದ್ತಾರೆ. ಎದುರಿಗಿರೋರು ಕರಡಿನ ಮೇಲೆ ಕಣ್ಣಿಟ್ಟಿರ್ತಾರೆ. ಅಲ್ಪವಿರಾಮ ಬಂದ್ರೆ ಒಂದು ತಟ್ಟು, ಪೂರ್ಣವಿರಾಮಕ್ಕೆ ಎರಡು. ಅದು ಎದುರಿನವರಿಗೆ ಗೊತ್ತಾಗ್ಲಿ ಅಂತ."

"ಒಬ್ಬರೇ ಇದ್ದಾಗ?"

"ಯಾರಿಗೆ ಅಂತ ತಟ್ಟೋದು ಮೇಡಂ?" ಎಂದರು ಚಿಕ್ಕಪ್ಪ. "ಒಂಟಿಯಾಗಿ ಓದೋವಾಗ ಮೇಷ್ಟ್ರು ತುಟೀನೂ ಅಲ್ಲಾಡಿಸಲ್ಲ."

ಇನ್‌ಸ್ಪೆಕ್ಟರ್ ಮ್ಯಾನೇಜರ್ ಕಡೆ ನೋಡಿದರು.

"ಓದೋವಾಗ ಇಲ್ಲಿ ಬಾಗಿಲು ಹಾಕಿರ್ತಾರೆ. ನೀವು ಇಷ್ಟು ವರ್ಷ ಗೋಡೆಯಾಚೆ ಕೂತು ಆ ಸದ್ದು ಕೇಳಿದೀರಿ. ಒಳಗೆ ಬಂದು ನೋಡಿಲ್ಲ. ಮೇಷ್ಟ್ರು ಅಂದ್ರೆ ತಟ್ಟು ಅಂದ್ಕೊಂಡ್ರಿ. ಅದಕ್ಕೇ ನಿಮ್ಮ ಸುಳ್ಳಿಗೆ ಆ ತಟ್ಟನ್ನೂ ಅಂಟಿಸಿದ್ರಿ. ನೀವು ಹೊರಡೋ ಹೊತ್ತಿಗೆ ಅವರು ಓದ್ತಾ ಇರ್ಲಿಲ್ಲ. ಬಿದ್ದಿದ್ರು. ಹೊರಗಿಂದ ಬೀಗ ಹಾಕಿದ್ರಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ತೆಗೆದ್ರಿ. ನಡುವೆ ಮೆಟ್ಟಿಲಲ್ಲಿ ಇವರು ಸಿಕ್ಕಿದ್ದು ನಿಮ್ಮ ಅದೃಷ್ಟ."

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಕೂತರು.

"ಅಚ್ಚಿಗೆ ಕಳಿಸೋಕೆ ಅವರ ಸಹಿ ಬೇಕಿತ್ತು. ಬರೀ ಒಂದು ಸಹಿ! ಈ ವಾರ ಪುಸ್ತಕ ಬರದಿದ್ರೆ ಮನೆಗೆ ನಡಿ ಅಂದಿದ್ರು ಮಾಲೀಕರು. 'ಅಲ್ಪವಿರಾಮ ಹಾಕಿ, ಆಮೇಲೆ ಸಹಿ' ಅಂದ್ರು ಮುದುಕಪ್ಪ. ತಳ್ಳಿದೆ. ಸತ್ತೇಹೋದ್ರು ಅಂದ್ಕೊಂಡೆ."

"ರಾತ್ರಿಯಿಡೀ ಬದುಕಿದ್ರು," ಎಂದರು ಇನ್‌ಸ್ಪೆಕ್ಟರ್.

* * *

ಸಂಜೆ ಆಸ್ಪತ್ರೆಗೆ ಹೋದೆವು. ಮೇಷ್ಟ್ರಿಗೆ ಇನ್ನೂ ಎಚ್ಚರವಿರಲಿಲ್ಲ. ಕಿವಿಗೆ ಬೀಳುತ್ತಿರಬಹುದು, ಏನಾದರೂ ಮಾತಾಡಿ ಎಂದರು ನರ್ಸ್.

ಚಿಕ್ಕಪ್ಪ ಚೀಲದಿಂದ ಆ ಪುಸ್ತಕದ ಹಾಳೆಗಳನ್ನು ತೆಗೆದು ಗಟ್ಟಿಯಾಗಿ ಓದಿದರು. ಮಂಚದ ಕಂಬಿಗೆ ತಟ್ಟುತ್ತಾ ಹೋದರು. ಮೂರು ವಸ್ತುಗಳ ಸಾಲೊಂದು ಬಂತು. 'ಅಂಡ್' ಹತ್ತಿರ ಬೆರಳು ಗಾಳಿಯಲ್ಲೇ ನಿಂತಿತು.

ಆಮೇಲೆ ಒಂದು ಸಲ ತಟ್ಟಿದರು.

ಗೆದ್ದೆ ಎನ್ನಲು ಹಾಸಿಗೆಯಿಂದ ಯಾರೂ ಏಳಲಿಲ್ಲ. ಚಿಕ್ಕಪ್ಪ ಕಾದರು. ಅದೇ ಸಾಲನ್ನು ಮೊದಲಿನಿಂದ ಓದಿ, ಅದೇ ಜಾಗದಲ್ಲಿ ಇನ್ನೊಮ್ಮೆ, ಸ್ವಲ್ಪ ಜೋರಾಗಿ ತಟ್ಟಿದರು.