ವೆಂಟಿಲೇಶನ್ ಶ್ರೀಶನ ಅರ್ಜಿ

"ಇದು ನೀನೇ ಬರೆದದ್ದಾ?"

ಪಟ್ಟಣ ಪಂಚಾಯತಿಯ ಗುಮಾಸ್ತ ತೀರ್ಥರಾಮ ಅರ್ಜಿಯನ್ನು ಒಮ್ಮೆ ನೋಡಿದರು, ಕೌಂಟರಿನ ಮೇಲೆ ಗಲ್ಲ ಊರಿ ನಿಂತಿದ್ದ ಹುಡುಗನನ್ನು ಇನ್ನೊಮ್ಮೆ ನೋಡಿದರು.

"ಹೌದು ಸರ್," ಎಂದ ಆರನೇ ಕ್ಲಾಸಿನ ಶ್ರೀಶ.

ತೀರ್ಥರಾಮ ಗಟ್ಟಿಯಾಗಿ ಓದತೊಡಗಿದರು. "ಮಾಹಿತಿ ಹಕ್ಕು ಕಾಯಿದೆಯಡಿ, ಮಕ್ಕಳ ಪಾರ್ಕಿನ ಜಾರುಬಂಡಿಯ ಸುರಕ್ಷತೆಯನ್ನು ತಪಾಸಣೆ ಮಾಡಿದ ಎಲ್ಲ ದಾಖಲೆಗಳ ಪ್ರತಿಗಳನ್ನು ದಯಪಾಲಿಸಬೇಕಾಗಿ..." ಅವರು ಕನ್ನಡಕ ಸರಿಮಾಡಿಕೊಂಡರು. "ಅಪ್ಪನ ಹತ್ರ ಕೊಡ್ಲಿಕ್ಕೆ ಹೇಳುದಲ್ವಾ ಮಗಾ?"

"ನಾನೂ ಪ್ರಜೆ ಸರ್. ಸಮಾಜ ಪಾಠದಲ್ಲಿ ಟೀಚರ್ ಹೇಳಿದ್ದಾರೆ."

"ಅದು ಸರಿ. ಆದ್ರೆ ಇದು ನಿಂಗೆ ಎಂತಕ್ಕೆ?"

"ಸಾರ್ವಜನಿಕ ಹಿತದೃಷ್ಟಿಯಿಂದ ಸರ್." ಈ ಮಾತನ್ನು ಶ್ರೀಶ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

"ಅಲ್ಲಿ ಇವನ ಪ್ಯಾಂಟ್ ಹರಿದದ್ದು ಸರ್," ಎಂದ ಹಿಂದೆ ನಿಂತಿದ್ದ ಎಬಿನ್. ಅವನು ಶ್ರೀಶನ ಜೀವದ ಗೆಳೆಯ. ಯಾವ ಮಾತನ್ನು ಎಲ್ಲಿ ಹೇಳಬಾರದೋ ಅಲ್ಲೇ ಹೇಳುವುದರಲ್ಲಿ ಅವನದು ಎತ್ತಿದ ಕೈ.

ಹರಿದದ್ದು ನಿಜ. ಜಾರುಬಂಡಿಯ ತಿರುವಿನಲ್ಲಿ, ಎಡಗಡೆ, ತಗಡಿನ ಒಂದು ಅಂಚು ಸಡಿಲವಾಗಿತ್ತು. ಸುಮ್ಮನೆ ಕೈಯಲ್ಲಿ ಸವರಿದರೆ ಗೊತ್ತಾಗುತ್ತಿರಲಿಲ್ಲ. ಮೇಲೆ ಭಾರ ಬಿದ್ದಾಗ ಮಾತ್ರ ಟಪ್ಪೆಂದು ಏಳುತ್ತಿತ್ತು. ಪೇಟೆಯ ಮಕ್ಕಳಿಗೆಲ್ಲ ಇದು ಗೊತ್ತು. ತಿರುವು ಬಂದಾಗ ಕೂತಲ್ಲೇ ಹಿಂಭಾಗವನ್ನು ಎಡಗಡೆ ಸ್ವಲ್ಪ ಎತ್ತಿದರಾಯಿತು. ದೊಡ್ಡವರು ಸಣ್ಣವರಿಗೆ ಅದನ್ನು ಹೇಳಿಕೊಡುತ್ತಿದ್ದರು.

ಶ್ರೀಶನಿಗೂ ಗೊತ್ತಿತ್ತು. ಆದರೆ ಆ ದಿನ ಅವನ ಕ್ಲಾಸಿನ ಗಾನಶ್ರೀ ಅಲ್ಲೇ ನಿಂತು ನೋಡುತ್ತಿದ್ದಳು. ಅವನು ಎರಡೂ ಕೈ ಮೇಲೆತ್ತಿ ಹೀರೋನ ಹಾಗೆ ಜಾರಿದ. ಕೈ ಎತ್ತುವ ಗಡಿಬಿಡಿಯಲ್ಲಿ ಎತ್ತಬೇಕಾದದ್ದನ್ನು ಎತ್ತಲು ಮರೆತ.

ಪರ್ರ್!

ಎಬಿನನ ಕೊಡೆಯನ್ನು ಹಿಂದೆ ಅಡ್ಡ ಹಿಡಿದು ಅವನು ಬಸ್‌ಸ್ಟ್ಯಾಂಡಿಗೆ ನಡೆದ. ಬೆಳ್ಳಾರೆ ಬಸ್ಸಿನಲ್ಲಿ ಸೀಟಿಗೆ ಅಂಟಿ ಕೂತು, ಹಿಂದೆ ಕೂತವರೆಲ್ಲ ಇಳಿಯಲಿ ಎಂದು ಕಾದು ಕಾದು, ತನ್ನ ಸ್ಟಾಪ್ ದಾಟಿ ಎಲ್ಲೋ ಹೋಗಿ ಇಳಿದ. ಮರುದಿನ ಕ್ಲಾಸಿನಲ್ಲಿ ಅವನಿಗೆ ಹೊಸ ಹೆಸರು ಕಾದಿತ್ತು: ವೆಂಟಿಲೇಶನ್.

ಅದಕ್ಕೇ ಈ ಅರ್ಜಿ. ಯಾರೂ ತಪಾಸಣೆಯನ್ನೇ ಮಾಡಿಲ್ಲ ಎಂದು ಗೊತ್ತಾದರೆ ತಪ್ಪು ಪಂಚಾಯತಿಯದ್ದಾಗುತ್ತದೆ. ಪೇಪರಿನಲ್ಲಿ ಫೋಟೋ ಬರುತ್ತದೆ. ಮತ್ತೆ ಎಲ್ಲರೂ 'ಆರ್‌ಟಿಐ ಶ್ರೀಶ' ಎಂದು ಕರೆಯುತ್ತಾರೆ. ಫೋಟೋಕ್ಕೆ ಯಾವ ಶರ್ಟ್ ಹಾಕುವುದೆಂದೂ ಅವನು ತೀರ್ಮಾನಿಸಿ ಆಗಿತ್ತು.

ಉತ್ತರ ಬಂತು. "ಕೋರಿರುವ ದಾಖಲೆಗಳು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ."

ಶ್ರೀಶ ಮನೆಯಿಡೀ ಕುಣಿದ.

"ಕುಣಿದದ್ದು ಸಾಕು ಮಾರಾಯ, ಕೆಳಗೆ ಎಂತದೋ ಉಂಟು ನೋಡು," ಎಂದರು ಅಮ್ಮ.

ಶನಿವಾರ ಸಂಜೆ ಎಂಜಿನಿಯರ್ ತಪಾಸಣೆಗೆ ಬರುತ್ತಾರೆ, ಅರ್ಜಿದಾರರು ಹಾಜರಿದ್ದು ದೋಷವನ್ನು ತೋರಿಸಬಹುದು ಎಂದು ಕೆಳಗೆ ಬರೆದಿತ್ತು.

ಶನಿವಾರ ಅವನು ಆ ಶರ್ಟನ್ನೇ ಹಾಕಿಕೊಂಡು, ತಲೆ ಬಾಚಿ ಪಾರ್ಕಿಗೆ ಹೋದ. ಮಕ್ಕಳೆಲ್ಲ ಸೇರಿದ್ದರು. ಒಬ್ಬರ ಮುಖದಲ್ಲೂ ನಗು ಇರಲಿಲ್ಲ.

"ಉಯ್ಯಾಲೆ ಕಾಣ್ತದಾ ನಿಂಗೆ?" ಗಾನಶ್ರೀ ಕೇಳಿದಳು.

ಉಯ್ಯಾಲೆಯ ಸರಪಳಿಯನ್ನು ಮೇಲಕ್ಕೆ ಸುತ್ತಿ ಕಟ್ಟಿದ್ದರು. ಯಾರೋ ದೂರು ಕೊಟ್ಟಾಗ ರಿಪೇರಿಗೆಂದು ಕಟ್ಟಿದ್ದು. ಕಟ್ಟಿದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ಈಗ ಜಾರುಬಂಡಿಗೂ ಹಗ್ಗ ಕಟ್ತಾರೆ. ನಿನ್ನ ಒಂದು ಪ್ಯಾಂಟಿಗೋಸ್ಕರ! ನಾವು ಎಂತದೂ ಹೇಳುದಿಲ್ಲ, ನೋಡು."

ಶ್ರೀಶ ಶರ್ಟಿನ ಬಗ್ಗೆ ಅಷ್ಟು ಯೋಚಿಸಿದ್ದ. ಇದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ತೀರ್ಥರಾಮರ ಜೊತೆ ಎಂಜಿನಿಯರ್ ಶಾಂಭವಿ ಮೇಡಂ ಬಂದರು. ತಗಡನ್ನು ಸವರಿ ನೋಡಿದರು. "ಯಾರಿಗಾದ್ರೂ ತಾಗಿದ್ದುಂಟಾ ಮಕ್ಕಳೇ?"

"ಇಲ್ಲ ಮೇಡಂ!"

ಎಬಿನ್ ಕೂಡ ಮಕ್ಕಳ ಕಡೆ ಸೇರಿ ಜಾರಿ ತೋರಿಸಿದ. ಗಾನಶ್ರೀ ಜಾರಿದಳು. ತಿರುವಿನಲ್ಲಿ ಎಲ್ಲರದೂ ಎಡಗಡೆ ಒಂಚೂರು ಏಳುತ್ತಿತ್ತು. ಮೇಡಂಗೆ ಅದು ಕಾಣಲಿಲ್ಲ.

"ಮೇಡಂ, ಇವರು ಎತ್ತುತ್ತಾರೆ!" ಎಂದ ಶ್ರೀಶ.

"ಎಂತ ಎತ್ತುದು?"

ಮೇಡಂ ಎದುರು ಆ ಶಬ್ದ ಹೇಗೆ ಹೇಳುವುದು? "ಅದು... ಎಡಗಡೆದ್ದು," ಎಂದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸರಿ, ನೀನೇ ತೋರಿಸು," ಎಂದರು ತೀರ್ಥರಾಮ.

ಈ ಸಲ ಗಟ್ಟಿಯಾಗಿ ಕೂತೇ ಜಾರುತ್ತೇನೆ ಎಂದು ಶ್ರೀಶ ಹಲ್ಲು ಕಚ್ಚಿ ಹೊರಟ. ತಿರುವು ಬಂತು. ಅವನನ್ನು ಕೇಳದೆಯೇ ಎಡಗಡೆ ಎದ್ದುಬಿಟ್ಟಿತು. ಸಲೀಸಾಗಿ ಕೆಳಗೆ ಬಂದು ಕೂತ. ಬೇಡದ ದಿನ ಹರಿದ ಪ್ಯಾಂಟನ್ನೂ ಬೇಕಾದ ದಿನ ಹರಿಯದ ಈ ಪ್ಯಾಂಟನ್ನೂ ಅವನು ಮನಸ್ಸಿನಲ್ಲೇ ಬೈದ.

"ದೋಷ ಕಂಡುಬಂದಿಲ್ಲ ಅಂತ ಬರೀಲಾ ಮೇಡಂ?" ತೀರ್ಥರಾಮ ಪೆನ್ನು ತೆಗೆದರು.

"ನಾನೂ ತೋರಿಸ್ತೇನೆ!"

ಮೆಟ್ಟಿಲ ಮೇಲೆ ಎಬಿನನ ಪುಟ್ಟ ತಂಗಿ ಟೆಸ್ಸಿ ನಿಂತಿದ್ದಳು. ಇಷ್ಟು ದಿನ ಹೆದರಿ ಮರಳಿನಲ್ಲೇ ಆಡುತ್ತಿದ್ದವಳು. ಜಾರುಬಂಡಿ ಹತ್ತಿದ್ದು ಇದೇ ಮೊದಲು. ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ನಗು ನಿಂತಿತು. ಹೋಗಲಿ, ಈಗ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಶ್ರೀಶನಿಗೆ ಒಂದು ಕ್ಷಣ ಅನ್ನಿಸಿತು. ನಿಜವಾಗಿಯೂ ಹಾಗೆಯೇ ಅನ್ನಿಸಿತು.

ಆಮೇಲೆ ಅವನಿಗೆ ಟೆಸ್ಸಿಯ ಫ್ರಾಕು ಕಂಡಿತು. ಹರಿಯಲು ಅವಳು ಪ್ಯಾಂಟ್ ಹಾಕಿರಲಿಲ್ಲ. ತಗಡು ತಾಗುವುದು ಬರಿಯ ಕಾಲಿಗೇ.

"ಟೆಸ್ಸೀ, ಬೇಡ!" ಎಬಿನ್ ಕಿರುಚುವಷ್ಟರಲ್ಲಿ ಅವಳು ಹೊರಟಾಗಿತ್ತು. ಶ್ರೀಶ ಕೆಳಗಿನಿಂದ ಅಂಬೆಗಾಲಲ್ಲಿ ಜಾರುಬಂಡಿ ಹತ್ತಿದ. ತಿರುವಿನ ತಗಡಿನ ಮೇಲೆ ಪೂರ್ತಿ ಭಾರ ಹಾಕಿ ಕೂತು ಕೈ ಚಾಚಿದ. ಟೆಸ್ಸಿ ದಡಕ್ಕನೆ ಅವನ ಎದೆಗೆ ಬಂದು ಬಿದ್ದಳು.

ಪರ್ರ್!

ಇಬ್ಬರೂ ಕೆಳಗೆ ಬಂದರು. ತಗಡಿನ ಅಂಚು ಎದ್ದೇ ನಿಂತಿತ್ತು. ಅದರ ತುದಿಯಲ್ಲಿ ನೀಲಿ ಬಟ್ಟೆಯ ಚೂರು.

ಶಾಂಭವಿ ಮೇಡಂ ಆ ಚೂರನ್ನು ತಗಡಿನಿಂದ ಬಿಡಿಸಿ ತೆಗೆದರು. ಮತ್ತೆ, "ಬರ್ಕೊಳ್ಳಿ ತೀರ್ಥರಾಮರೇ," ಎಂದರು.

ಎಬಿನ್ ಓಡಿ ಹೋಗಿ ಕೊಡೆ ತಂದು ಕೊಟ್ಟ.

"ಇದು ಎರಡನೇ ಪ್ಯಾಂಟ್," ಎಂದ ಶ್ರೀಶ. "ಅಮ್ಮನ ಹತ್ರ ನೀನೇ ಬಂದು ಹೇಳ್ಬೇಕು, ಆಯ್ತಾ?"

ಜಾರುಬಂಡಿಗೆ ಹಗ್ಗ ಕಟ್ಟಿದರು. ಮಕ್ಕಳು ಮುಖ ಊದಿಸಿಕೊಂಡರು. ಶ್ರೀಶನೂ ಎಬಿನನೂ ಶಾಲೆ ಬಿಟ್ಟ ಕೂಡಲೇ ಪಂಚಾಯತಿಗೆ ಹೋಗಿ ಕೌಂಟರಿಗೆ ಗಲ್ಲ ಊರುತ್ತಿದ್ದರು. "ಸರ್, ರಿಪೇರಿ ಯಾವಾಗ?" ಕೊನೆಕೊನೆಗೆ ಅವರನ್ನು ದೂರದಲ್ಲಿ ಕಂಡಾಗಲೇ ತೀರ್ಥರಾಮ, "ಓ, ಪ್ರಜೆಗಳು ಬಂದ್ರು ಮಾರಾಯ್ರೆ!" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಕೊನೆಗೊಂದು ದಿನ ಹಗ್ಗ ಹೋಯಿತು. ತಿರುವಿನಲ್ಲಿ ಹೊಸ ತಗಡು ಬಂತು. ಪೇಪರಿನವರು ಯಾರೂ ಬರಲಿಲ್ಲ. ಕ್ಲಾಸಿನಲ್ಲಿ ಮಾತ್ರ ಅವನಿಗೆ ಪ್ರಮೋಶನ್ ಸಿಕ್ಕಿತು: ಡಬಲ್ ವೆಂಟಿಲೇಶನ್. ಈ ಸಲ ಅವನಿಗೂ ನಗು ಬಂತು.

ಆ ಸಂಜೆ ಎಲ್ಲರೂ ಸಾಲುಗಟ್ಟಿ ಜಾರಿದರು. ತಿರುವು ಬಂದಾಗ ಗಾನಶ್ರೀಯ ಎಡಗಡೆ ಎದ್ದಿತು. ಎಬಿನನದೂ ಎದ್ದಿತು. ಶ್ರೀಶ ಜಾರಿದಾಗ ಅವನದೂ ಎದ್ದಿತು. ಏಳಬೇಕಾಗಿಯೇ ಇರಲಿಲ್ಲ, ಆದರೂ ಎದ್ದಿತು.

ಕೊನೆಗೆ ಟೆಸ್ಸಿ ಬಂದಳು. ಗಟ್ಟಿಯಾಗಿ ಕೂತು, ಎರಡೂ ಕೈ ಮೇಲೆತ್ತಿ, ತಿರುವನ್ನು ದಾಟಿ ಕಿಲಕಿಲ ನಗುತ್ತ ಕೆಳಗಿಳಿದಳು. ಅಲ್ಲೊಂದು ತಿರುವು ಇತ್ತೆಂಬುದೇ ಅವಳಿಗೆ ಗೊತ್ತಾಗಿರಲಿಲ್ಲ.

ಶ್ರೀಶ ಕೆಳಗೆ ನಿಂತು ನೋಡುತ್ತಿದ್ದ. "ಇನ್ನೊಮ್ಮೆ ಹೋಗು ಟೆಸ್ಸಿ," ಎಂದ.